ಮೂರು ವಾರದ ವಾಯಿದೆ

ಹಿಂದಿನ ಸಂಚಿಕೆಯಲ್ಲಿ ಜಾಮೀನಿನ ಬಗ್ಗೆ ಉತ್ತರ ಬರೆಯುವಾಗ ಒಂದು ಸಾಲು ಸೇರಿಸಿದ್ದೆ. ತಪ್ಪಿತಸ್ಥರನ್ನು ಜೈಲಿಗೆ ಕಳಿಸುವ ಬದಲು ಷರತ್ತು ಹಾಕಿ, ಒಬ್ಬರ ಮೇಲ್ವಿಚಾರಣೆಯಲ್ಲಿ ಹೊರಗೆ ಬಿಡುವ ಪ್ರೊಬೇಷನ್ ಎಂಬ ಏರ್ಪಾಡು ಶುರುವಾಗಿದ್ದು ಬೂಟು ತಯಾರಿಸುತ್ತಿದ್ದ ಒಬ್ಬರಿಂದ ಎಂದು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲಿನ ಬಗ್ಗೆಯೇ. ಅದಕ್ಕೇ ಅಂಕಣವನ್ನು ಪೂರ್ತಿ ಅದಕ್ಕೆ ಬಿಟ್ಟುಕೊಟ್ಟಿದ್ದೇನೆ.

ಹೊಸ ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು 31 ವರ್ಷ ಪ್ರೊಬೇಷನ್ ಅಧಿಕಾರಿಯಾಗಿದ್ದವಳು. ನಮ್ಮ ಕಾಗದಪತ್ರಗಳಲ್ಲಿ ಇದಕ್ಕೆ ಪರಿವೀಕ್ಷಣೆ ಅನ್ನುತ್ತಾರೆ. ಜನ ಮಾತ್ರ ಪ್ರೊಬೇಷನ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ನಾನು ಕಾನೂನು ಓದುತ್ತಿದ್ದೇನೆ. ನಮ್ಮ ಪಠ್ಯದಲ್ಲಿ ಜಾನ್ ಆಗಸ್ಟಸ್ ಅಂತ ಹೆಸರು, 1841 ಅಂತ ಇಸವಿ, ಅಷ್ಟೇ ಇದೆ. ಬೂಟು ಮಾಡುವವರಿಗೂ ಕೋರ್ಟಿಗೂ ಏನು ಸಂಬಂಧ? ಅವತ್ತು ನಿಜವಾಗಿ ನಡೆದಿದ್ದೇನು?

ಉತ್ತರ: ಒಳ್ಳೆಯದು ಕೇಳಿದಿರಿ. ಕೆಲಸಕ್ಕೆ ಸೇರಿ ಆರು ವರ್ಷವಾದರೂ ನನಗೂ ಆ ಹೆಸರು, ಆ ಇಸವಿ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ನಮ್ಮ ಮೇಲಧಿಕಾರಿಯೊಬ್ಬರು ನಿವೃತ್ತಿಯಾದ ದಿನ ಒಂದು ಜೆರಾಕ್ಸ್ ಕಟ್ಟು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಆಗಸ್ಟಸ್ ಅವರೇ 1852ರಲ್ಲಿ ಅಚ್ಚು ಹಾಕಿಸಿದ ಹತ್ತು ವರ್ಷದ ಕೆಲಸದ ವರದಿ ಅದು. ಅವತ್ತು ರಾತ್ರಿ ಓದಲು ಕೂತವಳು ಮುಗಿಸುವ ತನಕ ಏಳಲಿಲ್ಲ.

ಊರು ಅಮೆರಿಕದ ಬಾಸ್ಟನ್, ಮ್ಯಾಸಚೂಸೆಟ್ಸ್ ರಾಜ್ಯ. ಆಗಸ್ಟಸ್ ಅವರ ಬೂಟಿನ ಅಂಗಡಿ ಅಲ್ಲಿನ ಪೊಲೀಸ್ ಕೋರ್ಟಿಗೆ ಹತ್ತಿರದಲ್ಲೇ ಇತ್ತು. ಅವರಿಗೆ ಐವತ್ತು ದಾಟಿತ್ತು. ಕುಡಿತ ಬಿಡಿಸುವುದಕ್ಕೆಂದೇ ಹುಟ್ಟಿಕೊಂಡಿದ್ದ ವಾಷಿಂಗ್ಟನ್ ಟೋಟಲ್ ಆಬ್‌ಸ್ಟಿನೆನ್ಸ್ ಸೊಸೈಟಿ ಎಂಬ ಸಂಘದಲ್ಲಿ ಅವರೂ ಇದ್ದರು. ಕುಡುಕರನ್ನು ಬೈದು ದೂರ ಇಡುವ ಬದಲು ಕೂರಿಸಿಕೊಂಡು ಮಾತಾಡಿ ಬಿಡಿಸಬಹುದು ಎಂದು ನಂಬಿದ್ದ ಜನ ಅವರು.

1841ರ ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಅವರು ಕೋರ್ಟಿನಲ್ಲಿ ಕೂತಿದ್ದರು. ಲಾಕಪ್ಪಿನ ಕಡೆಯ ಬಾಗಿಲು ತೆರೆಯಿತು. ಅಧಿಕಾರಿಯ ಹಿಂದೆ ಹರಕು ಬಟ್ಟೆಯ ಒಬ್ಬ ಮನುಷ್ಯ ಬಂದು ಆರೋಪಿಗಳ ಬೆಂಚಿನ ಮೇಲೆ ಕೂತ. ನೋಡಿದ ಕೂಡಲೇ ಇವರಿಗೆ ಇದು ಕುಡಿತದ ಕೇಸು ಅನ್ನಿಸಿತು. ಗುಮಾಸ್ತ ಓದಿದ್ದೂ ಅದನ್ನೇ, ಇವನು ರೂಢಿಯ ಕುಡುಕ ಎಂಬ ಆರೋಪ. ಆರೋಪ ಸಾಬೀತೂ ಆಯಿತು. ಅಂಥವರನ್ನು ಹೌಸ್ ಆಫ್ ಕರೆಕ್ಷನ್ ಎಂಬ ಜೈಲಿಗೆ ಹಾಕುವುದು ಆಗಿನ ಪದ್ಧತಿ.

ಶಿಕ್ಷೆ ಹೇಳುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಆಗಸ್ಟಸ್ ಎದ್ದು ಹೋಗಿ ಆ ಮನುಷ್ಯನ ಹತ್ತಿರ ಮಾತಾಡಿದರು. ಜೈಲೊಂದು ತಪ್ಪಿಸಿದರೆ ಇನ್ನು ಯಾವತ್ತೂ ಕುಡಿಯುವುದಿಲ್ಲ ಎಂದ ಅವನು. ಈ ಮಾತನ್ನು ನನ್ನ ಸರ್ವಿಸಿನಲ್ಲಿ ನಾನೂ ನೂರಾರು ಸಲ ಕೇಳಿದ್ದೇನೆ. ಹೇಳುವಾಗ ಎಲ್ಲರೂ ಮನಸಾರೆಯೇ ಹೇಳುತ್ತಾರೆ. ಆಗಸ್ಟಸ್ ಆ ಮಾತು ನಂಬಿ ಜಡ್ಜ್ ಅವರ ಅನುಮತಿ ಕೇಳಿ ಅವನಿಗೆ ಜಾಮೀನು ನಿಂತರು. ಮೂರು ವಾರ ಬಿಟ್ಟು ಶಿಕ್ಷೆಗೆ ಹಾಜರಾಗಬೇಕು ಎಂದು ಕೋರ್ಟ್ ವಾಯಿದೆ ಕೊಟ್ಟಿತು.

ಹೊರಗೆ ಬಂದವನು ಮದ್ಯ ಮುಟ್ಟುವುದಿಲ್ಲ ಎಂಬ ಪ್ರತಿಜ್ಞಾ ಪತ್ರಕ್ಕೆ ಸಹಿ ಹಾಕಿದ. ಮೂರು ವಾರ ಕುಡಿಯಲಿಲ್ಲ. ವಾಯಿದೆ ದಿನ ಆಗಸ್ಟಸ್ ಅವನ ಜೊತೆ ಕೋರ್ಟಿಗೆ ಬಂದರು. ಅವನ ಚಹರೆ ಎಷ್ಟು ಬದಲಾಗಿತ್ತೆಂದರೆ, ತಿಂಗಳೂ ಆಗಿಲ್ಲ, ಕಟಕಟೆಯಲ್ಲಿ ನಡುಗುತ್ತಾ ನಿಂತಿದ್ದವನು ಇವನೇ ಎಂದು ಅಲ್ಲಿನ ಅಧಿಕಾರಿಗಳೂ ನಂಬುವಂತಿರಲಿಲ್ಲ ಎಂದು ಆಗಸ್ಟಸ್ ಬರೆದಿದ್ದಾರೆ. ಜಡ್ಜ್ ಇಬ್ಬರ ಮಾತನ್ನೂ ಕೇಳಿದರು. ಜೈಲಿಗೆ ಕಳಿಸಲಿಲ್ಲ, ಒಂದು ಸೆಂಟ್ ದಂಡ ಹಾಕಿದರು. ಕೋರ್ಟ್ ಖರ್ಚು ಸೇರಿ ಒಟ್ಟು 3 ಡಾಲರ್ 76 ಸೆಂಟ್. ಅಲ್ಲೇ ಕಟ್ಟಿದರು, ಕೇಸು ಮುಗಿಯಿತು.

ಆ ಮೂರು ವಾರಕ್ಕೆ ಆಗಸ್ಟಸ್ ಬಳಸಿದ ಪದವೇ ಪ್ರೊಬೇಷನ್. ಲ್ಯಾಟಿನ್ನಿನಲ್ಲಿ ಅದರ ಮೂಲದ ಅರ್ಥ ಪರೀಕ್ಷೆ ಮಾಡಿ ನೋಡುವುದು, ಸಾಬೀತು ಮಾಡುವುದು. ಹೊಸ ಕೆಲಸಕ್ಕೆ ಸೇರಿದವರನ್ನು ಪ್ರೊಬೇಷನ್‌ನಲ್ಲಿ ಇಟ್ಟಿದ್ದಾರೆ ಅನ್ನುತ್ತೇವಲ್ಲ, ಅದೂ ಇದೇ ಪದ.

ತಂಗಿ, ಪರೀಕ್ಷೆಗೆ ಇಷ್ಟು ಬರೆದರೆ ಸಾಕು. ನನ್ನ ಮನಸ್ಸಿನಲ್ಲಿ ಜಾಸ್ತಿ ನಿಂತಿರುವುದು ಇದರ ನಂತರದ್ದು. ಒಬ್ಬನನ್ನು ಬಿಡಿಸಿ ಪುಣ್ಯ ಕಟ್ಟಿಕೊಂಡೆ ಎಂದು ಅವರು ಅಂಗಡಿಗೆ ವಾಪಸ್ ಹೋಗಬಹುದಿತ್ತು. ಹೋಗಲಿಲ್ಲ. ಮತ್ತೆ ಮತ್ತೆ ಕೋರ್ಟಿಗೆ ಬಂದರು. ಮೊದಲು ಕುಡುಕ ಗಂಡಸರು, ಆಮೇಲೆ ಹೆಂಗಸರು, 1843ರಲ್ಲಿ ಮಕ್ಕಳು. ಕಳ್ಳತನದ ಆರೋಪ ಹೊತ್ತ ಎಂಟು ಮತ್ತು ಹತ್ತು ವರ್ಷದ ಇಬ್ಬರು ಹುಡುಗಿಯರು, ಹನ್ನೊಂದು ವರ್ಷದ ಒಬ್ಬ ಹುಡುಗ. ಎಂಟು ವರ್ಷದ ಮಗು ಕಟಕಟೆಯಲ್ಲಿ ನಿಲ್ಲುತ್ತಿದ್ದ ಕಾಲ ಅದು.

1847ರಲ್ಲಿ ಏಳರಿಂದ ಹದಿನೈದು ವರ್ಷದೊಳಗಿನ 19 ಹುಡುಗರಿಗೆ ಒಟ್ಟಾಗಿ ಜಾಮೀನಾದರು. ಕೇಸುಗಳನ್ನು ತಿಂಗಳಿಂದ ತಿಂಗಳಿಗೆ ಮುಂದೂಡುವುದು ಎಂದು ಕೋರ್ಟಿನ ಜೊತೆ ಮಾತಾಯಿತು. ಪ್ರತಿ ತಿಂಗಳು ಕೇಸು ಕೂಗಿದಾಗ ಆಗಸ್ಟಸ್ ಎದ್ದು ನಿಂತು ಹುಡುಗರ ವರದಿ ಒಪ್ಪಿಸುತ್ತಿದ್ದರು. ಹೀಗೆ ಐದಾರು ತಿಂಗಳು ನಡೆಯಿತು. ಕೊನೆಗೆ ಒಂದು ದಿನ ಹನ್ನೆರಡು ಹುಡುಗರನ್ನು ಒಟ್ಟಿಗೆ ಕರೆತಂದು ನಿಲ್ಲಿಸಿದರು. ಜಡ್ಜ್ ಅವರಿಗೆ ಸಂತೋಷವೂ ಆಯಿತು, ಆಶ್ಚರ್ಯವೂ ಆಯಿತು. ತಲಾ ಹತ್ತು ಸೆಂಟ್ ದಂಡ ಹಾಕಿದರು. ಅದರಲ್ಲಿ ಏಳು ಹುಡುಗರ ಹತ್ತಿರ ಆ ಹತ್ತು ಸೆಂಟೂ ಇರಲಿಲ್ಲ. ಆಗಸ್ಟಸ್ ತಾವೇ ಕಟ್ಟಿದರು.

ಆ ಪುಟ ಓದಿದ ಮಾರನೇ ದಿನ ನಾನು ಕಚೇರಿಗೆ ಹೋಗಿ ನನ್ನ ರಿಜಿಸ್ಟರ್ ತೆಗೆದು ನೋಡಿದೆ. ಷರಾ ಎಂಬ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನ ತನಕ ಒಂದೇ ಪದ ಬರೆದಿದ್ದೆ, ‘ತೃಪ್ತಿಕರ’. ಯಾರು ಬಂದರೂ ತೃಪ್ತಿಕರ. ಆ ಪದ ನೋಡಿ ಯಾವ ಹುಡುಗನ ಮುಖವೂ ನೆನಪಿಗೆ ಬರಲಿಲ್ಲ. ಅವತ್ತಿನಿಂದ ಕಣ್ಣಿಗೆ ಕಂಡಿದ್ದನ್ನು ಬರೆಯತೊಡಗಿದೆ. ‘ಅಕ್ಕನ ಜೊತೆ ಬಂದ. ಗ್ಯಾರೇಜಿನ ಕೆಲಸ ಬಿಟ್ಟಿದ್ದಾನೆ, ಕಾರಣ ಹೇಳಲಿಲ್ಲ. ಬಲಗೈಗೆ ಬ್ಯಾಂಡೇಜ್.’ ಹೀಗೆ ಬರೆದ ಮೇಲೆ ಮುಂದಿನ ತಿಂಗಳು ಅವನು ಬಂದಾಗ ಕೇಳಲು ನನ್ನ ಹತ್ತಿರ ಮಾತಿರುತ್ತಿತ್ತು.

ಪ್ರಶ್ನೆ: ಅದಕ್ಕೂ ಮುಂಚೆ ಜಡ್ಜ್‌ಗಳು ಯಾರನ್ನೂ ಕ್ಷಮಿಸಿ ಬಿಡುತ್ತಲೇ ಇರಲಿಲ್ಲವೇ? ದಯೆ ಎಂಬುದು 1841ರಲ್ಲಿ ಹುಟ್ಟಿತು ಎಂದರೆ ಒಪ್ಪುವುದು ಕಷ್ಟ.

ಉತ್ತರ: ಖಂಡಿತ ಬಿಡುತ್ತಿದ್ದರು. ಬಿಡುವುದಕ್ಕೆ ದಾರಿ ಹುಡುಕಿ ಸುಸ್ತಾಗುತ್ತಿದ್ದರು ಅಂತಲೇ ಹೇಳಬೇಕು. ಹಳೆಯ ಇಂಗ್ಲೆಂಡಿನಲ್ಲಿ ಎಷ್ಟೋ ತಪ್ಪುಗಳಿಗೆ ನೇಣೇ ಶಿಕ್ಷೆ. ಅಲ್ಲಿ ಪಾದ್ರಿಗಳನ್ನು ಮಾಮೂಲಿ ಕೋರ್ಟು ನೇಣು ಹಾಕುವಂತಿಲ್ಲ ಎಂಬ ರಿಯಾಯಿತಿ ಒಂದಿತ್ತು. ನಿಧಾನವಾಗಿ ಅದು ಓದಲು ಬಂದವರಿಗೆಲ್ಲ ಸಿಗತೊಡಗಿತು. ಓದು ಬರುತ್ತದೆ ಎಂದು ತೋರಿಸಲು ಬೈಬಲ್ಲಿನ 51ನೇ ಕೀರ್ತನೆಯ ಮೊದಲ ವಚನ ಓದಬೇಕಿತ್ತು. ದೇವರಲ್ಲಿ ಕರುಣೆ ಬೇಡುವ ವಚನ ಅದು. ಕತ್ತು ಉಳಿಸುತ್ತಿದ್ದುದರಿಂದ ಜನ ಅದಕ್ಕೆ ಕತ್ತಿನ ವಚನ ಎಂದೇ ಹೆಸರಿಟ್ಟಿದ್ದರು. ಅಕ್ಷರ ಬಾರದವರೂ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಒಂದು ಸಲ ಹೀಗೆ ತಪ್ಪಿಸಿಕೊಂಡವನು ಮತ್ತೆ ಬರಬಾರದು ಎಂದು ಹೆಬ್ಬೆರಳಿಗೆ ಬರೆ ಹಾಕುತ್ತಿದ್ದರು.

ಇದು ಬಾಸ್ಟನ್ನಿಗೂ ಬಂದಿತ್ತು. 1770ರಲ್ಲಿ ಅಲ್ಲಿ ಬ್ರಿಟಿಷ್ ಸೈನಿಕರು ಗುಂಪಿನ ಮೇಲೆ ಗುಂಡು ಹಾರಿಸಿ ಐವರು ಸತ್ತರು. ವಿಚಾರಣೆಯಲ್ಲಿ ಇಬ್ಬರು ಸೈನಿಕರು ತಪ್ಪಿತಸ್ಥರೆಂದು ತೀರ್ಮಾನವಾಯಿತು. ಅವರು ಇದೇ ರಿಯಾಯಿತಿ ಕೇಳಿಕೊಂಡು, ಹೆಬ್ಬೆರಳಿಗೆ ಬರೆ ಹಾಕಿಸಿಕೊಂಡು ಹೊರಗೆ ಹೋದರು.

ಆಮೇಲೆ ಇದೇ ಬಾಸ್ಟನ್ನಿನಲ್ಲಿ ಪೀಟರ್ ಆಕ್ಸೆನ್‌ಬ್ರಿಜ್ ಥ್ಯಾಚರ್ ಎಂಬ ಜಡ್ಜ್ ಇದ್ದರು. 1830ರಲ್ಲಿ ಜೆರುಶಾ ಚೇಸ್ ಎಂಬ ಹೆಂಗಸು ತಪ್ಪೊಪ್ಪಿಕೊಂಡಾಗ ಅವರು ಶಿಕ್ಷೆ ಹೇಳಲಿಲ್ಲ. ಕರೆದಾಗ ಬರಬೇಕು ಎಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಸಣ್ಣ ಅಪರಾಧಗಳಲ್ಲಿ ಹೀಗೆ ಮುಚ್ಚಳಿಕೆ ಮೇಲೆ ಬಿಡಬಹುದು ಎಂದು 1836ರಲ್ಲಿ ಮ್ಯಾಸಚೂಸೆಟ್ಸ್ ಕಾನೂನನ್ನೂ ಮಾಡಿತು. ಆಗಸ್ಟಸ್ ಕೋರ್ಟಿಗೆ ಕಾಲಿಡುವ ಹೊತ್ತಿಗೆ ಬಾಗಿಲು ಅರ್ಧ ತೆರೆದೇ ಇತ್ತು.

ಇವೆಲ್ಲದರಲ್ಲೂ ಬಿಡುವುದು ಇತ್ತು. ಬಿಟ್ಟ ಮೇಲೆ ಅವನು ಎಲ್ಲಿ ಮಲಗುತ್ತಾನೆ, ನಾಳೆ ಏನು ತಿನ್ನುತ್ತಾನೆ, ಯಾರ ಸಹವಾಸದಲ್ಲಿ ಬೀಳುತ್ತಾನೆ ಎಂದು ನೋಡಲು ಯಾರೂ ಇರಲಿಲ್ಲ. ಆಗಸ್ಟಸ್ ಸೇರಿಸಿದ್ದು ಇದನ್ನೇ. ನನಗಂತೂ ಇಡೀ ಚರಿತ್ರೆಯಲ್ಲಿ ದೊಡ್ಡದಾಗಿ ಕಾಣುವುದೂ ಇದೇ.

ಅಂದ ಹಾಗೆ, ಅದೇ 1841ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮ್ಯಾಥ್ಯೂ ಡೇವನ್‌ಪೋರ್ಟ್ ಹಿಲ್ ಎಂಬ ನ್ಯಾಯಾಧೀಶರೂ ಇಂಥದ್ದೇ ಪ್ರಯೋಗ ಶುರು ಮಾಡಿದ್ದರು. ಎಳೆಯ ಅಪರಾಧಿಗಳನ್ನು ಅಪ್ಪ ಅಮ್ಮನ ಅಥವಾ ಕೆಲಸ ಕೊಟ್ಟ ಯಜಮಾನನ ಜವಾಬ್ದಾರಿಗೆ ಒಪ್ಪಿಸುತ್ತಿದ್ದರು. ಆಮೇಲೆ ಅವರು ಹೇಗಿದ್ದಾರೆಂದು ಆಗಾಗ ವಿಚಾರಿಸಿ ಬರೆದಿಡಿಸುತ್ತಿದ್ದರು. ಸಮುದ್ರದ ಎರಡು ದಡದಲ್ಲಿ ಒಂದೇ ವರ್ಷ ಒಂದೇ ಯೋಚನೆ.

ಪ್ರಶ್ನೆ: ನಮ್ಮ ಮನೆಗೆ ಕಳ್ಳರು ನುಗ್ಗಿದ್ದರು. ಸಿಕ್ಕಿಬಿದ್ದವನಿಗೆ ಮೊದಲ ಸಲ ಎಂದು ಪ್ರೊಬೇಷನ್ ಕೊಟ್ಟರು. ನೀವು ಇದನ್ನು ಹೊಗಳಿ ಬರೆಯುತ್ತೀರಿ. ಕಳೆದುಕೊಂಡ ನಮ್ಮ ಸಂಕಟ ಯಾರಿಗೂ ಲೆಕ್ಕಕ್ಕಿಲ್ಲವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ ಅಣ್ಣ. ನಿಮ್ಮ ಸಿಟ್ಟು ನ್ಯಾಯವಾದದ್ದು. ರಾತ್ರಿ ಬಾಗಿಲು ಸರಿಯಾಗಿ ಹಾಕಿದೆವಾ ಎಂದು ಮೂರು ಸಲ ಎದ್ದು ನೋಡುವ ಭಯಕ್ಕೆ ಯಾವ ಕೋರ್ಟೂ ಪರಿಹಾರ ಕೊಡುವುದಿಲ್ಲ. ನಾನು ಆ ಹುಡುಗರ ಪರ ಬರೆಯುವಾಗ ನಿಮ್ಮಂಥವರನ್ನು ಮರೆತಿದ್ದೇನೆ ಅಂತ ಮಾತ್ರ ತಿಳಿಯಬೇಡಿ.

ಆಗಸ್ಟಸ್ ಅವರ ಕಾಲದಲ್ಲೂ ಜನ ಇದನ್ನೇ ಕೇಳಿದರು. ಅಪರಾಧಿಗಳಿಗೆ ಸಲುಗೆ ಕೊಟ್ಟು ಕೆಡಿಸುತ್ತಿದ್ದೀರಿ ಎಂದರು. ಅದಕ್ಕೆ ಅವರ ವರದಿಯಲ್ಲಿ ಸಿಗುವ ಉತ್ತರ ಎಂದರೆ ಅವರು ಕೆಲಸ ಮಾಡುತ್ತಿದ್ದ ರೀತಿಯೇ. ಕಂಡವರಿಗೆಲ್ಲ ಜಾಮೀನು ನಿಲ್ಲುತ್ತಿರಲಿಲ್ಲ. ಹೆಚ್ಚಾಗಿ ಮೊದಲ ಸಲ ತಪ್ಪು ಮಾಡಿದವರನ್ನು ಆರಿಸಿಕೊಳ್ಳುತ್ತಿದ್ದರು. ಮುಂಚೆ ಅವನ ನಡತೆ ಹೇಗಿತ್ತು, ವಯಸ್ಸೆಷ್ಟು, ಇನ್ನು ಮುಂದೆ ಯಾರ ನಡುವೆ ಬದುಕಬೇಕು, ಇಷ್ಟನ್ನೂ ವಿಚಾರಿಸಿದ ಮೇಲೆಯೇ ಕೋರ್ಟಿಗೆ ಹೂಂ ಎನ್ನುತ್ತಿದ್ದರು. ಹೂಂ ಎಂದ ಮೇಲೆ ಮಕ್ಕಳಾದರೆ ಶಾಲೆಗೆ ಹಾಕಿಸುವುದು, ದೊಡ್ಡವರಾದರೆ ಕೆಲಸ ಕೊಡಿಸುವುದು, ಕೋರ್ಟ್ ಕೇಳಿದಾಗ ಪಕ್ಷಪಾತವಿಲ್ಲದೆ ವರದಿ ಕೊಡುವುದು, ಎಲ್ಲ ಅವರ ಹೆಗಲಿಗೆ. ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕೇಸೂ ಮುಚ್ಚುತ್ತಿರಲಿಲ್ಲ. ಶಿಕ್ಷೆ ತಲೆಯ ಮೇಲೆ ತೂಗುತ್ತಲೇ ಇರುತ್ತಿತ್ತು, ಮಾತು ತಪ್ಪಿದರೆ ಜೈಲಿನ ಬಾಗಿಲು ತೆರೆದೇ ಇತ್ತು.

ಇನ್ನೊಂದು ಮಾತು. ಆಗಸ್ಟಸ್ ತಮ್ಮ ದುಡ್ಡನ್ನೇ ಒಡ್ಡಿದ್ದರು. ಆರೋಪಿ ಓಡಿಹೋದರೆ ಜಾಮೀನಿನ ಹಣ ಇವರ ಕೈಯಿಂದ ಹೋಗುತ್ತಿತ್ತು. 1858ರ ಹೊತ್ತಿಗೆ ಅವರು ಜಾಮೀನಾದವರು 1,946 ಜನ. ಅದರಲ್ಲಿ ಗಂಡಸರು ಹುಡುಗರು ಸೇರಿ 1,152, ಹೆಂಗಸರು ಹುಡುಗಿಯರು ಸೇರಿ 794. ಒಟ್ಟು ಹೊಣೆ ಎರಡು ಲಕ್ಷ ನಲವತ್ತು ಸಾವಿರ ಡಾಲರ್ ಮೀರಿತ್ತು. ಒಬ್ಬ ಬೂಟಿನ ಅಂಗಡಿಯವರು ಇಷ್ಟು ದೊಡ್ಡ ಮೊತ್ತಕ್ಕೆ ಹೆಸರು ಬರೆದುಕೊಟ್ಟರು ಎಂದರೆ, ಅವರು ಆರಿಸಿದ ಜನರಲ್ಲಿ ಬಹುಪಾಲು ವಾಯಿದೆ ದಿನ ತಪ್ಪದೆ ಬಂದು ನಿಂತಿರಲೇಬೇಕು ಅಲ್ವಾ? ಇಲ್ಲದಿದ್ದರೆ ಎರಡನೇ ವರ್ಷಕ್ಕೇ ಮುಳುಗುತ್ತಿದ್ದರು.

ನಿಮ್ಮ ಕೇಸಿನಲ್ಲಿ ಆ ವಿಚಾರಣೆ ಸರಿಯಾಗಿ ನಡೆಯಿತೋ ಇಲ್ಲವೋ ಎಂದು ಇಲ್ಲಿ ಕೂತು ಹೇಳಲಾರೆ. ಒಂದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಮನೆಗೂ ಹೋಗದೆ, ಅಕ್ಕಪಕ್ಕದವರನ್ನೂ ಕೇಳದೆ, ಮೇಜಿನ ಮುಂದೆ ಕೂತು ಬರೆದ ವರದಿಯ ಮೇಲೆ ಕೊಟ್ಟ ಪ್ರೊಬೇಷನ್ ನಿಮಗೂ ಅನ್ಯಾಯ, ಆ ಹುಡುಗನಿಗೂ ಅನ್ಯಾಯ. ಅಂಥ ವರದಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಸಲ ನಾನೇ, ನೂರು ಕೇಸು ಕುತ್ತಿಗೆಗೆ ಬಂದಾಗ, ಒಂದು ಮನೆಗೆ ಹೋಗದೆ ಅನುಕೂಲವಾಗಿ ಬರೆದುಬಿಟ್ಟೆ. ಆ ಹುಡುಗ ಎರಡೇ ತಿಂಗಳಲ್ಲಿ ಮತ್ತೆ ಸಿಕ್ಕಿಬಿದ್ದ. ಹೋಗಿದ್ದರೆ ಅವನ ಅಣ್ಣನೇ ಕದ್ದ ಮಾಲು ಕೊಳ್ಳುವವನು ಎಂದು ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಅವನ ಹೆಸರು ನನಗೆ ಇವತ್ತಿಗೂ ಮರೆತಿಲ್ಲ.

ಪ್ರಶ್ನೆ: ಆಗಸ್ಟಸ್ ಅವರಿಗೆ ಸರ್ಕಾರ ಸಂಬಳ ಕೊಡುತ್ತಿತ್ತೇ? ಒಬ್ಬ ಖಾಸಗಿ ವ್ಯಕ್ತಿಯ ಸೇವೆ ಕಾನೂನು ಆಗಿದ್ದು ಹೇಗೆ?

ಉತ್ತರ: ಒಂದು ಸೆಂಟೂ ಕೊಡಲಿಲ್ಲ. ಕೆಲಸ ಬೆಳೆದ ಹಾಗೆ ಅಂಗಡಿ ಬಡವಾಯಿತು, ಕೊನೆಗೆ ನಿಂತೇ ಹೋಯಿತು. ಬಾಸ್ಟನ್ನಿನ ಕೆಲವು ಉಳ್ಳವರು ಕೊಟ್ಟ ಹಣದಲ್ಲಿ ನಡೆಸಿದರು. ಬಿಡಿಸಿ ತಂದವರಿಗೆ ಎಲ್ಲೂ ಜಾಗ ಸಿಗದಿದ್ದರೆ ತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಆ ಮನೆಯ ಹೆಂಗಸರು ಇದನ್ನೆಲ್ಲ ಹೇಗೆ ಸಂಭಾಳಿಸಿದರು ಎಂದು ನಾನು ಆಗಾಗ ಯೋಚಿಸುತ್ತೇನೆ. ಅಷ್ಟು ಜನರಿಗೆ ಬೇಯಿಸಿ ಹಾಕಿದವರು ಅವರು ತಾನೇ.

ವಿರೋಧ ಬಂದಿದ್ದು ಎಲ್ಲಿಂದ ಗೊತ್ತಾ? ಕೋರ್ಟಿನ ಒಳಗಿಂದಲೇ. ಒಬ್ಬೊಬ್ಬರನ್ನು ಜೈಲಿಗೆ ಸಾಗಿಸಿದಾಗಲೂ ಅಲ್ಲಿನ ಅಧಿಕಾರಿಗಳಿಗೆ ತಲೆಗಿಷ್ಟು ಎಂದು ಸಣ್ಣ ಫೀಸು ಸಿಗುತ್ತಿತ್ತು. ಆಗಸ್ಟಸ್ ಜಾಮೀನು ನಿಂತರೆ ಆ ಫೀಸು ಹೋಯಿತು. ಇದನ್ನು ಅವರು ವರದಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕಾನೂನಿನ ಗುರಿ ತಿದ್ದುವುದು ಮತ್ತು ಅಪರಾಧ ತಡೆಯುವುದು, ಹಗೆ ತೀರಿಸಿಕೊಳ್ಳುವುದಲ್ಲ ಎಂಬ ಅವರ ಮಾತು ಬಂದಿರುವುದೂ ಆ ವರದಿಯಲ್ಲೇ.

1859ರ ಜೂನ್ 21ರಂದು ಅವರು ತೀರಿಕೊಂಡರು. ಎಪ್ಪತ್ತು ದಾಟಿತ್ತು. ಆಮೇಲೂ ಬಾಸ್ಟನ್ನಿನಲ್ಲಿ ಕೆಲವರು ಸ್ವಂತ ಇಷ್ಟದಿಂದ ಈ ಕೆಲಸ ಮುಂದುವರಿಸಿದರು. 1878ರಲ್ಲಿ ಮ್ಯಾಸಚೂಸೆಟ್ಸ್ ಕಾನೂನು ಮಾಡಿತು. ಬಾಸ್ಟನ್ನಿನ ಮೇಯರ್ ಸಂಬಳದ ಮೇಲೆ ಒಬ್ಬ ಪ್ರೊಬೇಷನ್ ಅಧಿಕಾರಿಯನ್ನು ನೇಮಿಸಬೇಕು ಎಂದು. ಆ ಕೆಲಸಕ್ಕೆ ಬಂದವರು ಎಡ್ವರ್ಡ್ ಸ್ಯಾವೇಜ್. ಬಾಸ್ಟನ್ನಿನ ಪೊಲೀಸ್ ಮುಖ್ಯಸ್ಥರಾಗಿದ್ದವರು! ಜೀವಮಾನವೆಲ್ಲ ಹಿಡಿದು ತಂದವರು ಕೊನೆಗೆ ಬಿಡಿಸಿ ಕಾಯುವ ಕೆಲಸಕ್ಕೆ ಬಂದರು. 1880ರಲ್ಲಿ ರಾಜ್ಯದ ಬೇರೆ ಊರುಗಳಿಗೂ ಅವಕಾಶ ಕೊಟ್ಟರು. 1891ರಲ್ಲಿ ನೇಮಕ ಕಡ್ಡಾಯವಾಯಿತು, ನೇಮಿಸುವ ಅಧಿಕಾರವೂ ಕೋರ್ಟುಗಳ ಕೈಗೆ ಬಂತು.

ಇಂಗ್ಲೆಂಡಿನಲ್ಲಿ ಇದು ಬೇರೆ ದಾರಿಯಲ್ಲಿ ಬಂತು. 1876ರಲ್ಲಿ ಹರ್ಟ್‌ಫರ್ಡ್‌ಶೈರಿನ ಫ್ರೆಡ್ರಿಕ್ ರೈನರ್ ಎಂಬ ಮುದ್ರಕರು ಚರ್ಚಿನ ಪಾನನಿರೋಧ ಸಂಘಕ್ಕೆ ಒಂದು ಪತ್ರ ಬರೆದರು. ಒಮ್ಮೆ ಕಾಲು ಜಾರಿದವನಿಗೆ ತಪ್ಪಿನ ಮೇಲೆ ತಪ್ಪು, ಶಿಕ್ಷೆಯ ಮೇಲೆ ಶಿಕ್ಷೆ, ಇಷ್ಟೇನಾ ಗತಿ, ಇದನ್ನು ತಡೆಯಲು ಏನೂ ಮಾಡಲು ಆಗುವುದಿಲ್ಲವೇ ಎಂದು ಕೇಳಿ, ಜೊತೆಗೆ ಐದು ಶಿಲಿಂಗ್ ಕಳಿಸಿದರು. ಸಂಘ ಲಂಡನ್ನಿನ ಸದರ್ಕ್ ಕೋರ್ಟಿಗೆ ಒಬ್ಬ ಮಿಷನರಿಯನ್ನು ಕಳಿಸಿತು. ಜಾರ್ಜ್ ನೆಲ್ಸನ್ ಎಂದು, ಹಿಂದೆ ಸೈನಿಕರಾಗಿದ್ದವರು. ಅಲ್ಲಿ ಬೂಟಿನ ಅಂಗಡಿಯವರು, ಇಲ್ಲಿ ಅಚ್ಚುಕೂಟದವರು. ದೊಡ್ಡ ಹುದ್ದೆಯವರಿಗಷ್ಟೇ ಅಲ್ಲ, ಕೈಕೆಲಸ ಮಾಡುವವರಿಗೂ ಇದು ಹೊಳೆಯಿತು ಎಂಬುದು ನನಗೆ ತುಂಬಾ ಇಷ್ಟವಾದ ಸಂಗತಿ.

1887ರಲ್ಲಿ ಇಂಗ್ಲೆಂಡ್ ಮೊದಲ ಸಲದ ಅಪರಾಧಿಗಳಿಗೆಂದು ಒಂದು ಕಾನೂನು ತಂದಿತು. ಆದರೆ ಅದರಲ್ಲಿ ಬಿಡುವುದು ಮಾತ್ರ ಇತ್ತು, ಮೇಲ್ವಿಚಾರಣೆ ಇರಲಿಲ್ಲ. ಅರ್ಧ ಕೆಲಸ. ಪೂರ್ತಿಯಾಗಲು 1907ರ ತನಕ ಕಾಯಬೇಕಾಯಿತು. ಆ ವರ್ಷದ ಕಾಯ್ದೆ ಪ್ರೊಬೇಷನ್ ಅಧಿಕಾರಿಯ ಕರ್ತವ್ಯ ಹೇಳುವಾಗ ಮೂರು ಕ್ರಿಯಾಪದ ಬಳಸಿತು: ಬುದ್ಧಿ ಹೇಳು, ನೆರವಾಗು, ಸ್ನೇಹಿತನಾಗು. ಕಾಯ್ದೆಯ ಭಾಷೆಯಲ್ಲಿ ಸ್ನೇಹ ಎಂಬ ಪದ ನೋಡಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಅಮೆರಿಕದ ಕೇಂದ್ರ ಕೋರ್ಟುಗಳಿಗೆ ಮಾತ್ರ ಇದು ತಡವಾಗಿ ಬಂತು. ಅದಕ್ಕೂ ಒಂದು ಕಾರಣವಿದೆ. ಒಹಾಯೋದ ಕಿಲ್ಲಿಟ್ಸ್ ಎಂಬ ಜಡ್ಜ್ ಮುಂದೆ ಬ್ಯಾಂಕಿನ 4,700 ಡಾಲರ್ ದುರುಪಯೋಗ ಮಾಡಿದ ಒಬ್ಬ ಯುವಕ ಬಂದ. ಹಿಂದೆ ಯಾವ ತಪ್ಪೂ ಮಾಡಿರಲಿಲ್ಲ. ಐದು ವರ್ಷ ಶಿಕ್ಷೆ ಹೇಳಿ, ನಡತೆ ಚೆನ್ನಾಗಿರುವ ತನಕ ಅದನ್ನು ಜಾರಿ ಮಾಡಬೇಡಿ ಎಂದರು ಜಡ್ಜ್. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1916ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷೆಯನ್ನು ಹೀಗೆ ಅನಿರ್ದಿಷ್ಟವಾಗಿ ತಡೆಹಿಡಿಯುವ ಅಧಿಕಾರ ಜಡ್ಜ್‌ಗಳಿಗೆ ತಾನಾಗಿ ಇಲ್ಲ, ಬೇಕಾದರೆ ಸಂಸತ್ತು ಕಾನೂನು ಮಾಡಲಿ ಎಂದಿತು. ಆ ಕಾನೂನಿಗೆ ಅಧ್ಯಕ್ಷ ಕೂಲಿಜ್ ಸಹಿ ಬಿದ್ದಿದ್ದು 1925ರಲ್ಲಿ. ಆಗಸ್ಟಸ್ ಆ ಹರಕು ಬಟ್ಟೆಯವನ ಪಕ್ಕ ನಿಂತು 84 ವರ್ಷ ಕಳೆದಿತ್ತು.

ಪ್ರಶ್ನೆ: ಪೆರೋಲ್, ಪ್ರೊಬೇಷನ್ ಎರಡೂ ಒಂದೇನಾ? ಪೇಪರಿನವರು ಒಂದರ ಬದಲು ಇನ್ನೊಂದು ಬರೆಯುತ್ತಾರೆ.

ಉತ್ತರ: ಬೇರೆ ಬೇರೆ. ಪ್ರೊಬೇಷನ್ ಜೈಲಿಗೆ ಹೋಗುವ ಮುಂಚೆ, ಅದರ ಬದಲಿಗೆ. ಪೆರೋಲ್ ಜೈಲು ಸೇರಿದ ಮೇಲೆ, ಅವಧಿ ಮುಗಿಯುವ ಮುಂಚೆ ಷರತ್ತಿನ ಮೇಲೆ ಹೊರಗೆ ಬಿಡುವುದು. ಪದ ಫ್ರೆಂಚಿನದು, ಕೊಟ್ಟ ಮಾತು ಎಂದು ಅರ್ಥ. ಅದರ ಬೇರು ಆಸ್ಟ್ರೇಲಿಯಾ ಹತ್ತಿರದ ನಾರ್ಫೋಕ್ ದ್ವೀಪದಲ್ಲಿದೆ. ಅಲೆಕ್ಸಾಂಡರ್ ಮೆಕನೋಕಿ ಎಂಬ ನೌಕಾಧಿಕಾರಿ 1840ರಲ್ಲಿ ಅಲ್ಲಿನ ಕೈದಿಗಳ ಉಸ್ತುವಾರಿಗೆ ಹೋದರು. ಕೆಲಸ ಮತ್ತು ನಡತೆಗೆ ಅಂಕ ಕೊಟ್ಟು, ಅಂಕ ಕೂಡಿದ ಹಾಗೆ ಬಿಡುಗಡೆ ಹತ್ತಿರ ಬರುವಂತೆ ಮಾಡಿದರು. ಇದನ್ನೇ ಇನ್ನೊಂದು ಸಂಚಿಕೆಯಲ್ಲಿ ವಿವರವಾಗಿ ಬರೆಯುತ್ತೇನೆ.

ಪ್ರಶ್ನೆ: ಅಮ್ಮಾ, ನನ್ನ ಹತ್ತೊಂಬತ್ತು ವರ್ಷದ ಮಗನಿಗೆ ಒಂದು ಹೊಡೆದಾಟದ ಕೇಸಿನಲ್ಲಿ ಪ್ರೊಬೇಷನ್ ಆಗಿದೆ. ಜೈಲು ತಪ್ಪಿತಲ್ಲ, ಇನ್ನೇನು ಎಂದು ಅವನು ಓಡಾಡಿಕೊಂಡಿದ್ದಾನೆ. ಅಧಿಕಾರಿಯ ಹತ್ತಿರ ಹೋಗು ಎಂದರೆ ನಾಚಿಕೆ ಅನ್ನುತ್ತಾನೆ. ನಾನೇನು ಮಾಡಲಿ?

ಉತ್ತರ: ತಾಯಿ, ನಿಮ್ಮ ಮಗನ ನಾಚಿಕೆ ನನಗೆ ಅರ್ಥವಾಗುತ್ತದೆ. ನಾಚಿಕೆ ಇರುವ ಹುಡುಗರ ಬಗ್ಗೆ ನನಗೆ ಯಾವತ್ತೂ ಭರವಸೆ ಜಾಸ್ತಿ. ಆದರೆ ಕೇಸು ಮುಗಿದಿಲ್ಲ ಎಂಬುದು ಅವನ ತಲೆಗೆ ಹೋಗಬೇಕು. ಅವನು ಸಹಿ ಹಾಕಿದ ಮುಚ್ಚಳಿಕೆಯನ್ನು ಇವತ್ತು ಸಂಜೆಯೇ ತೆಗೆಸಿ, ಒಂದೊಂದು ಷರತ್ತನ್ನೂ ಅವನ ಕೈಲೇ ಜೋರಾಗಿ ಓದಿಸಿ. ಎಷ್ಟು ದಿನದ ಅವಧಿ, ಯಾವ ದಿನ ಹಾಜರಾಗಬೇಕು, ಮನೆ ಬದಲಿಸಿದರೆ ಯಾರಿಗೆ ತಿಳಿಸಬೇಕು, ಯಾರ ಸಹವಾಸ ಬೇಡ ಎಂದಿದ್ದಾರೆ. ಅರ್ಥವಾಗದ ಸಾಲಿಗೆ ಗೆರೆ ಹಾಕಿಟ್ಟುಕೊಳ್ಳಿ, ವಕೀಲರನ್ನೋ ಆ ಅಧಿಕಾರಿಯನ್ನೋ ಕೇಳಿ. ಷರತ್ತು ಮುರಿದರೆ ಕೋರ್ಟ್ ಕರೆಸಿ ಮೊದಲಿನ ತಪ್ಪಿಗೇ ಶಿಕ್ಷೆ ಹೇಳಬಹುದು.

ಕೆಲಸ ಸಿಗದಿದ್ದರೆ, ಹಳೇ ಗೆಳೆಯರು ಕಾಡುತ್ತಿದ್ದರೆ, ಅದನ್ನು ಅಧಿಕಾರಿಯಿಂದ ಮುಚ್ಚಿಡಬೇಡಿ. ನಮಗೆ ಕಷ್ಟವಾಗುತ್ತಿದ್ದುದು ತೊಂದರೆ ಹೇಳಿಕೊಂಡು ಬಂದವರಿಂದಲ್ಲ, ಬಾರದೇ ಇದ್ದವರಿಂದ. ಬಾರದವನ ಬಗ್ಗೆ ವರದಿಯಲ್ಲಿ ಏನಂತ ಬರೆಯೋಣ ಹೇಳಿ?

ಮೊದಲನೇ ದಿನ ಅವನೊಬ್ಬನನ್ನೇ ಕಳಿಸಬೇಡಿ. ನೀವೂ ಹೋಗಿ. ಒಳಗೆ ಅವನೇ ಮಾತಾಡಲಿ, ನೀವು ಹೊರಗಿನ ಬೆಂಚಿನ ಮೇಲೆ ಕೂತಿರಿ. ಎರಡನೇ ಸಲಕ್ಕೆ ತಾನೊಬ್ಬನೇ ಹೋಗುತ್ತೇನೆ ಎಂದರೆ ಹೋಗಲಿ. ವಾಪಸ್ ಬಂದ ಮೇಲೆ ಏನಾಯಿತು ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ನನಗೊಂದು ಕಾಗದ ಹಾಕಿ.